ತೊಲೆ

ಬಾಗಿಲ ಮೇಲಿನ ತೊಲೆಯಲ್ಲಿ 1787 ಎಂದು ಕೊರೆದಿತ್ತು. ನಾನು ಓದುವ ಮೊದಲೇ ಅದನ್ನು ನನ್ನ ಹಣೆ ಓದಿತು. "ಜಾಗ್ರತೆ, ಬಾಗಿಲು ತುಸು ಗಿಡ್ಡ" ಎಂದು ದಲ್ಲಾಳಿ ಹೇಳಿದ್ದು ಅದಾದ ಮೇಲೆ. ಹೆಂಡತಿ ಆಗಲೇ ಒಳಗೆ ಹೋಗಿ "ಎಷ್ಟು ಚೆನ್ನಾಗಿದೆ ನೋಡಿ" ಎನ್ನುತ್ತಿದ್ದಳು. ಕಣ್ಣಲ್ಲಿ ನೀರು ತುಂಬಿ ನಿಂತಿದ್ದ ನನಗೆ ಬೆಟ್ಟದ ಮನೆಯ ವಿಷಯದಲ್ಲಿ ಒಂದು ದೊಡ್ಡ ಸತ್ಯ ಹೊಳೆಯಿತು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಸ್ವಿಟ್ಜರ್‌ಲೆಂಡಿನ ವಾಲೆ ಪ್ರಾಂತ್ಯದ ಸ್ಕೀ ಊರು ಅದು. ನಮಗಿಬ್ಬರಿಗೂ ಸ್ಕೀ ಬಾರದು. ಹಿಮದ ಮೇಲೆ ಜಾರಲು ನನಗೆ ಮಾಮೂಲಿ ಚಪ್ಪಲಿಯೇ ಸಾಕು. ಆದರೆ ಲೋಸಾನ್‌ನಲ್ಲಿ ಹನ್ನೆರಡು ವರ್ಷ ದುಡಿದು ಇಲ್ಲಿ ಕಾಯಮ್ಮಾಗಿ ನೆಲೆಸಲು ಬಿಡುವ ಸಿ ಪರವಾನಗಿ ಕೈಗೆ ಬಂದದ್ದೇ ತಡ, ಬೆಟ್ಟದಲ್ಲೊಂದು ಶಾಲೆ ಮನೆ ಇರಲಿ ಎಂದು ಇವಳು ಶುರು ಮಾಡಿದಳು. (ಬೆಟ್ಟದ ಮರದ ಮನೆಗೆ ಚಾಲೆಟ್ ಎಂದರೆ ಇಲ್ಲಿಯವರು ನಗುತ್ತಾರೆ. ಶಾಲೆ ಎಂದರೆ ನಮ್ಮ ಊರಿನವರು, ಯಾವ ತರಗತಿಯವರೆಗೆ ಎಂದು ಕೇಳುತ್ತಾರೆ.) ಹೊಸದನ್ನೇ ಕಟ್ಟಿಸೋಣವೆಂದೆ. ಆಗುವುದಿಲ್ಲವಂತೆ. 2012ರ ಮಾರ್ಚ್‌ನಲ್ಲಿ ಈ ದೇಶದವರು ಶೇ 50.6ರ ಬಹುಮತದಿಂದ, ಊರಿನ ಮನೆಗಳಲ್ಲಿ ಶೇ 20ಕ್ಕಿಂತ ಹೆಚ್ಚು ರಜೆಯ ಮನೆಗಳಾಗಿದ್ದರೆ ಅಲ್ಲಿ ಅಂಥವು ಇನ್ನು ಬೇಡವೆಂದರು. ಹೀಗಾಗಿ ಮೊದಲೇ ಕಟ್ಟಿದ ಮನೆಗಳಿಗೆ ಈಗ ಸರ್ಕಾರಿ ನೌಕರಿಯ ವರನಿಗಿರುವಷ್ಟು ಗಿರಾಕಿ.

ಇನ್ನೊಂದು ಸೊಗಸು ಕೇಳಿ. ನಿಮ್ಮದೇ ಮನೆಯಲ್ಲಿ ನೀವೇ ಮಲಗಿದ್ದರೂ, ಬಾಡಿಗೆಗೆ ಕೊಟ್ಟಿದ್ದರೆ ಇಷ್ಟು ಬರುತ್ತಿತ್ತಲ್ಲ ಎಂದು ಲೆಕ್ಕ ಕಟ್ಟಿ, ಆ ಬಾರದ ದುಡ್ಡಿಗೆ ತೆರಿಗೆ ಹಾಕುವ ಪದ್ಧತಿ ಇಲ್ಲಿಯದು. 2025ರ ಸೆಪ್ಟೆಂಬರ್‌ನಲ್ಲಿ ಅದನ್ನು ತೆಗೆಯಲು ಜನ ಒಪ್ಪಿದರು. ಜೊತೆಗೇ, ಎರಡನೆಯ ಮನೆಗಳ ಮೇಲೆ ಬೇರೆ ತೆರಿಗೆ ಹಾಕಲು ಪ್ರಾಂತ್ಯಗಳಿಗೆ ದಾರಿ ಬಿಟ್ಟರು. ಬಾಗಿಲಿಂದ ಓಡಿಸಿದ ಬೆಕ್ಕು ಕಿಟಕಿಯಿಂದ ಬಂತು.

ಮನೆಯ ಪಕ್ಕದಲ್ಲಿ ಹಳೆಯ ಕಣಜವೊಂದಿತ್ತು, ರಕಾರ್ ಎನ್ನುತ್ತಾರೆ. ಬಿಸಿಲಿಗೆ ಸುಟ್ಟು ಕಪ್ಪಾದ ಲಾರ್ಚ್ ಮರದ್ದು. ಅದರ ಒಂದೊಂದು ಕಾಲಿನ ಮೇಲೂ ಬೀಸುವ ಕಲ್ಲಿನಂಥ ದುಂಡು ಚಪ್ಪಡಿ. "ಇಲಿ ಕಾಲು ಹತ್ತಿದರೂ ಚಪ್ಪಡಿ ದಾಟಲಾರದು" ಎಂದ ದಲ್ಲಾಳಿ, ಅದನ್ನು ತಾನೇ ಕಂಡುಹಿಡಿದವನಂತೆ. ನನಗೆ ರೇಗಿತು. ಇಲಿಯ ವಿಷಯವನ್ನು ನನಗೆ ಹೇಳುವುದೇ?

ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜ ಭತ್ತದ ಪಣತವನ್ನು ನಾಲ್ಕು ಕಲ್ಲಿನ ಕಾಲುಗಳ ಮೇಲೆ ನಿಲ್ಲಿಸಿ, ಒಂದೊಂದು ಕಾಲನ್ನೂ ನೀರಿನ ಮರಿಗೆಯಲ್ಲಿ ಇಟ್ಟಿದ್ದರು. ಆದರೂ ಭತ್ತ ಕಡಿಮೆಯಾಗುತ್ತಿತ್ತು. ಲಾಟೀನು ಸಣ್ಣಗೆ ಮಾಡಿಕೊಂಡು, ದೊಣ್ಣೆ ಹಿಡಿದು ಮೂರು ರಾತ್ರಿ ಕಾದರು. ಮೂರನೆಯ ರಾತ್ರಿ ಕಂಡಿತು. ಅಜ್ಜಿ ಮಳೆಗಾಲಕ್ಕೆಂದು ಬಾಳೆನಾರಿನಲ್ಲಿ ಬಿಗಿದು ತೊಲೆಗೆ ತೂಗುಹಾಕಿದ್ದ ಸೌತೆಕಾಯಿಗಳಿದ್ದವಲ್ಲ, ಇಲಿ ತೊಲೆಯ ಮೇಲೆ ನಡೆದು ಬಂದು, ನಾರು ಹಿಡಿದು ಇಳಿದು, ಸೌತೆಕಾಯಿಯ ಮೇಲೆ ಯಜಮಾನನಂತೆ ಕುಳಿತು ದಣಿವಾರಿಸಿಕೊಂಡು, ಪಣತದ ಮುಚ್ಚಳಕ್ಕೆ ಹಾರಿತು. ಅಜ್ಜ ಇಲಿಯನ್ನು ಬಿಟ್ಟರು, ಸೌತೆಕಾಯಿಗಳ ಮೇಲೆ ಬಿದ್ದರು. ನಡುರಾತ್ರಿಯಲ್ಲಿ ನಲವತ್ತು ಕಾಯಿಗಳನ್ನೂ ಬಿಚ್ಚಿ ಜಗಲಿಯಲ್ಲಿ ರಾಶಿ ಹಾಕಿದರು. ನೆಲಕ್ಕೆ ಬಿದ್ದ ಕಾಯಿ ಎಷ್ಟು ದಿನ ಬಾಳೀತು? "ಇಲಿ ತಿಂದದ್ದು ಎರಡು ಸೇರು ಭತ್ತ. ನೀವು ತಿಂದದ್ದು ನನ್ನ ಮಳೆಗಾಲ" ಎಂದರು ಅಜ್ಜಿ. ಆಷಾಢ ಮುಗಿಯುವವರೆಗೆ ಅಜ್ಜನ ಎಲೆಗೆ ಹುರುಳಿ ಸಾರೊಂದೇ ಬಿತ್ತು. ಇಲಿ ಮಾತ್ರ ಗೋಡೆ ಕೊರೆದು ಬೇರೆ ದಾರಿ ಮಾಡಿಕೊಂಡಿತು.

ಇಷ್ಟನ್ನೂ ನಾನು ದಲ್ಲಾಳಿಗೆ ಫ್ರೆಂಚಿನಲ್ಲಿ ಹೇಳಿದೆ. ಸೌತೆಕಾಯಿ ಎಂದರೆ ಪ್ಲಾಸ್ಟಿಕ್ ಸುತ್ತಿದ ಹಸಿರು ಕೋಲು ಎಂದುಕೊಂಡಿದ್ದ ಅವನು, ಅದರ ಮೇಲೆ ಇಲಿ ಹೇಗೆ ಕುಳಿತೀತೆಂದು ಯೋಚಿಸಿ, ಕೊನೆಗೆ ಗಡಿಯಾರ ನೋಡಿಕೊಂಡ. ಚಳಿಗಾಲದಲ್ಲಿ ಮನೆ ಬೀಗ ಹಾಕಿದ್ದಾಗ ನೀರಿನ ಕೊಳವೆ ಹೆಪ್ಪುಗಟ್ಟಿ ಒಡೆದರೆ ಏನು ಗತಿ ಎಂಬ ನನ್ನ ನಿಜವಾದ ಪ್ರಶ್ನೆಗೆ ಸಮಯವೇ ಉಳಿಯಲಿಲ್ಲ.

ಮರೆತು ಬಂದ ಛತ್ರಿಗಾಗಿ ಮತ್ತೆ ಒಳಹೊಕ್ಕು ಹೊರಬರುವಾಗ 1787 ಇನ್ನೊಮ್ಮೆ ತಾಗಿತು, ಅದೇ ಜಾಗಕ್ಕೆ. ಮೊದಲ ಏಟಿಗೆ ಹೊಳೆದಿದ್ದು ಎರಡನೆಯದಕ್ಕೆ ಅಲ್ಲೇ ಉದುರಿರಬೇಕು. ಎಷ್ಟು ತಡಕಿದರೂ ಸಿಗುತ್ತಿಲ್ಲ.

ಕಣಿವೆಗಿಳಿಯುವ ಹಳದಿ ಬಸ್ಸಿನಲ್ಲಿ ನಾನು ಬುಗುಟೆ ಸವರಿಕೊಳ್ಳುತ್ತಿದ್ದೆ. ಹೆಂಡತಿ ಕಿಟಕಿಯಾಚೆ ನೋಡುತ್ತಾ ಹೇಳಿದಳು: "ಆದರೂ ಸೌತೆಕಾಯಿ ಕಟ್ಟುವುದಕ್ಕೆ ಆ ತೊಲೆಗಳು ಚೆನ್ನಾಗಿವೆ."