ಪರ–ವಿರೋಧ: ಮಂಗಳೂರು ಮಹಾಧರ್ಮಕ್ಷೇತ್ರವಾಗಬೇಕೆ?

ಪರ: ಹತ್ತಕ್ಕೆ ಒಬ್ಬರು ಸಾಲದು

ಕ್ಯಾಥೊಲಿಕ್ ಚರ್ಚಿನ ಬೆಂಗಳೂರು ಧರ್ಮಕ್ಷೇತ್ರ (ಒಬ್ಬ ಬಿಷಪರ ಆಡಳಿತದ ಪ್ರದೇಶ) ಮೈಸೂರಿನಿಂದ ಬೇರೆಯಾದದ್ದು 1940ರಲ್ಲಿ, ಮಹಾಧರ್ಮಕ್ಷೇತ್ರವಾದದ್ದು (ಅಂದರೆ ಸುತ್ತಲಿನ ಅಧೀನ ಧರ್ಮಕ್ಷೇತ್ರಗಳಿಗೆ ಹಿರಿಯ ಪೀಠವಾದದ್ದು) 1953ರ ಸೆಪ್ಟೆಂಬರ್ 19ರಂದು. ಆಮೇಲೆ ಚಿಕ್ಕಮಗಳೂರು (1963), ಕಾರವಾರ (1976), ಶಿವಮೊಗ್ಗ (1988), ಕಲಬುರಗಿ (2005), ಉಡುಪಿ (2012) ಹುಟ್ಟಿಕೊಂಡವು. ಮೈಸೂರು, ಮಂಗಳೂರು, ಬಳ್ಳಾರಿ, ಬೆಳಗಾವಿ ಸೇರಿ ಒಂಬತ್ತು ಅಧೀನ ಧರ್ಮಕ್ಷೇತ್ರಗಳು, ಹತ್ತನೆಯದು ಬೆಂಗಳೂರೇ. ಲ್ಯಾಟಿನ್ ವಿಧಿಯ (ರೋಮನ್ ಪೂಜಾಪದ್ಧತಿಯ) ಇಷ್ಟೂ ಧರ್ಮಕ್ಷೇತ್ರಗಳಿಗೆ, ಅಂದರೆ ಈ ಇಡೀ ಪ್ರಾವಿನ್ಸಿಗೆ, ಮೆಟ್ರೊಪಾಲಿಟನ್ (ಮುಖ್ಯಸ್ಥರಾದ ಆರ್ಚ್‌ಬಿಷಪ್) ಒಬ್ಬರೇ. ನೆರೆಯ ಕೇರಳದಲ್ಲಿ ವರಾಪುಳ, ತಿರುವನಂತಪುರದ ಜೊತೆಗೆ 2025ರ ಏಪ್ರಿಲ್‌ನಲ್ಲಿ ಕೋಯಿಕ್ಕೋಡ್ ಕೂಡ ಮಹಾಧರ್ಮಕ್ಷೇತ್ರವಾಯಿತು. ಅದರ ಕೆಳಗಿರುವುದು ಕಣ್ಣೂರು, ಸುಲ್ತಾನ್‌ಪೇಟೆ ಎರಡೇ.

ಇದು ಬರೀ ಗೌರವದ ಪ್ರಶ್ನೆಯಲ್ಲ. ಚರ್ಚಿನ ಕಾನೂನಿನ ಕ್ಯಾನನ್ 377ರ ಪ್ರಕಾರ ಮೂರು ವರ್ಷಕ್ಕೊಮ್ಮೆಯಾದರೂ ಪ್ರಾವಿನ್ಸಿನ ಬಿಷಪರು ಸೇರಿ, ಬಿಷಪ್ ಪದವಿಗೆ ಯೋಗ್ಯರಾದ ಗುರುಗಳ (ಪಾದ್ರಿಗಳ) ಪಟ್ಟಿ ಮಾಡಿ ರೋಮಿಗೆ ಕಳಿಸಬೇಕು. ಕಾರವಾರದ ಗುರುವೊಬ್ಬರ ಯೋಗ್ಯತೆಯನ್ನು ಕಲಬುರಗಿಯ ಬಿಷಪರು ಎಷ್ಟರಮಟ್ಟಿಗೆ ಬಲ್ಲರು? ಅಧೀನ ಧರ್ಮಕ್ಷೇತ್ರದ ನ್ಯಾಯಮಂಡಳಿಯ ತೀರ್ಪಿನ ಮೇಲ್ಮನವಿ ಹೋಗುವುದು ಮೆಟ್ರೊಪಾಲಿಟನ್ ನ್ಯಾಯಮಂಡಳಿಗೆ. ಬಿಷಪರ ವಿರುದ್ಧವೇ ಲೈಂಗಿಕ ದೌರ್ಜನ್ಯದ ದೂರು ಬಂದರೆ ಪ್ರಾಥಮಿಕ ತನಿಖೆಯ ಹೊಣೆ ಸಾಮಾನ್ಯವಾಗಿ ಮೆಟ್ರೊಪಾಲಿಟನ್‌ರದು. 2019ರಲ್ಲಿ ಪೋಪ್ ಫ್ರಾನ್ಸಿಸ್ ಮಾಡಿದ ನಿಯಮವಿದು. ಸ್ವಂತ ಮಹಾಧರ್ಮಕ್ಷೇತ್ರವನ್ನು ನೋಡಿಕೊಂಡು ಒಂಬತ್ತು ಕಡೆ ಕಣ್ಣಿಡುವುದು ಕಾಗದದ ಮೇಲಷ್ಟೇ ಸಾಧ್ಯ.

1886ರಿಂದ ಧರ್ಮಕ್ಷೇತ್ರವಾಗಿರುವ ಮಂಗಳೂರಿನ ಜೊತೆ ಉಡುಪಿ, ಕಾರವಾರ, ಚಿಕ್ಕಮಗಳೂರು, ಶಿವಮೊಗ್ಗ ಸೇರಿದರೆ ಕರಾವಳಿ–ಮಲೆನಾಡಿನ ಒಂದು ಪ್ರಾವಿನ್ಸ್ ಸಹಜವಾಗಿ ಕೂಡಿಬರುತ್ತದೆ.

ವಿರೋಧ: ಒಡೆಯಬೇಕಾದದ್ದು ಬೇರೆ

ಮೆಟ್ರೊಪಾಲಿಟನ್‌ಗೆ ಇರುವ ಅಧಿಕಾರವನ್ನು ಜನ ಹೆಚ್ಚಾಗಿ ಊಹಿಸಿಕೊಂಡಿದ್ದಾರೆ. ಅಧೀನ ಧರ್ಮಕ್ಷೇತ್ರದ ಗುರುಗಳನ್ನು ಅವರು ವರ್ಗಾಯಿಸುವಂತಿಲ್ಲ, ಅದರ ಆಸ್ತಿ ಮುಟ್ಟುವಂತಿಲ್ಲ. ಬಿಷಪ್ ಪೀಠ ತೆರವಾಗಿ ಎಂಟು ದಿನದೊಳಗೆ ಸಲಹೆಗಾರರ ಮಂಡಳಿ ಆಡಳಿತಾಧಿಕಾರಿಯನ್ನು ಆರಿಸದಿದ್ದರೆ ಅವರು ನೇಮಿಸಬಹುದು. ಧರ್ಮಕ್ಷೇತ್ರದ ಸ್ಥಿತಿಗತಿ ನೋಡಲು ಮಾಡಬೇಕಾದ ವಿಧಿವತ್ ಭೇಟಿಯನ್ನು ಬಿಷಪರು ಕಡೆಗಣಿಸಿದರೆ ರೋಮಿನ ಒಪ್ಪಿಗೆ ಪಡೆದು ತಾವೇ ಹೋಗಬಹುದು. ಹೆಗಲ ಮೇಲಿನ ಪಾಲಿಯಂ (ಪದವಿಯ ಗುರುತಾದ ಉಣ್ಣೆಯ ಪಟ್ಟಿ) ಬಿಟ್ಟರೆ ಉಳಿದದ್ದು ಹೆಚ್ಚಿಲ್ಲ.

ಮೇಲ್ಮನವಿಯ ವಾದವೂ ಹಳೆಯದಾಯಿತು. ಮದುವೆ ಅಸಿಂಧು ಎಂದು ಘೋಷಿಸಲು ಎರಡು ನ್ಯಾಯಮಂಡಳಿಗಳ ಒಮ್ಮತ ಬೇಕೆಂಬ ನಿಯಮ 2015ರ ಡಿಸೆಂಬರ್‌ನಲ್ಲೇ ಹೋಯಿತು. ಯಾರೂ ತಕರಾರು ತೆಗೆಯದಿದ್ದರೆ ಮೊದಲ ತೀರ್ಪೇ ಸಾಕು. ಇನ್ನು ತನಿಖೆ: ಉಡುಪಿಯ ಗುರುಗಳು 2012ರವರೆಗೆ ಮಂಗಳೂರಿನವರೇ. ಒಂದೇ ಸೆಮಿನರಿಯಲ್ಲಿ (ಗುರುಗಳ ತರಬೇತಿ ಶಾಲೆಯಲ್ಲಿ) ಓದಿದವರ ಮೇಲೆ ಪಕ್ಕದೂರಿನವರು ತನಿಖೆ ಮಾಡುವುದಕ್ಕಿಂತ ಬೆಂಗಳೂರಿನ ದೂರವೇ ಮೇಲು.

ದೂರದ ತೊಂದರೆ ನಿಜವಾಗಿ ಇರುವುದು ಬೆಳಗಾವಿ, ಕಲಬುರಗಿಗೆ. ಈ ವಿಭಜನೆಯಲ್ಲಿ ಅವೆರಡೂ ಬೆಂಗಳೂರಿನಡಿಯಲ್ಲೇ ಉಳಿಯುತ್ತವೆ. ಕೊಂಕಣಿ ಮಾತಾಡುವವರು ಹೆಚ್ಚಿರುವ ಭಾಗವೇ ಬೇರೆಯಾದರೆ, ಪೂಜೆ ಯಾವ ಭಾಷೆಯಲ್ಲಿರಬೇಕೆಂಬ ಹಳೆಯ ಜಗಳಕ್ಕೆ ಗಡಿ ಹಾಕಿಕೊಟ್ಟಂತೆಯೂ ಆಗುತ್ತದೆ.

ಒಡೆಯಲೇಬೇಕೆಂದರೆ ಬೆಂಗಳೂರು ಮಹಾಧರ್ಮಕ್ಷೇತ್ರವನ್ನೇ ಒಡೆಯಲಿ. ನಗರದ ಜೊತೆ ಬೆಂಗಳೂರು ಗ್ರಾಮಾಂತರ, ರಾಮನಗರ, ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಒಂದೇ ಬಿಷಪರ ಕೈಯಲ್ಲಿವೆ. ಕೆಜಿಎಫ್ ಸೇರಿದಂತೆ ಕೋಲಾರ ಭಾಗ ಪ್ರತ್ಯೇಕವಾದರೆ ದೃಢೀಕರಣ ಸಂಸ್ಕಾರಕ್ಕೂ (ಸಾಮಾನ್ಯವಾಗಿ ಬಿಷಪರೇ ನಡೆಸುವ ದೀಕ್ಷಾವಿಧಿ) ಗುರುಗಳ ಅಹವಾಲಿಗೂ ಬಿಷಪರು ಹತ್ತಿರ ಸಿಗುತ್ತಾರೆ. ಕಥೆಡ್ರಲ್ (ಬಿಷಪರ ಮುಖ್ಯ ಚರ್ಚು) ದೊಡ್ಡ ಸಮಸ್ಯೆಯಲ್ಲ, ಉಡುಪಿಗೆ ಕಲ್ಯಾಣಪುರದ ಮಿಲಾಗ್ರಿಸ್ ಚರ್ಚೇ ಕಥೆಡ್ರಲ್ ಆಯಿತು. ತೊಡಕಿರುವುದು ಹಣದಲ್ಲಿ: ಹಳ್ಳಿ ಚರ್ಚುಗಳು ಹೊಸ ಪಾಲಿಗೆ ಬಂದು, ಆದಾಯ ತರುವ ಶಾಲೆ–ಕಾಲೇಜುಗಳೆಲ್ಲ ನಗರದಲ್ಲೇ ಉಳಿದುಬಿಡುತ್ತವೆ. ಆದ್ದರಿಂದ ಗಡಿ ಗುರುತಿಸುವ ಮೊದಲೇ ಗುರುಗಳ ಜೀವನಾಂಶಕ್ಕೂ ಸೆಮಿನರಿ ಖರ್ಚಿಗೂ ಮೂಲನಿಧಿ ಬರೆದುಕೊಡಬೇಕು.