ಡಾಕ್ಟ್ರೇ ಕೊಂದಿರ್ತಾನ ಕಣಪ್ಪ

ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಎದುರಿಗಿದ್ದಾಗ ಯಾರೂ ಬಾಯಿ ಬಿಡಬಾರದು, ತಿನ್ನುವುದಕ್ಕೆ ಹೊರತು. ಅವತ್ತು ಸಂಜೆ ಶೋ ಟಿಕೆಟ್ ಜೇಬಿನಲ್ಲಿತ್ತು, ದೋಸೆ ಮೇಲಿನ ಬೆಣ್ಣೆ ಇನ್ನೂ ಅರ್ಧ ಕರಗಿತ್ತು. ಸೋದರಮಾವ ಪಲ್ಯಕ್ಕೆ ಚಟ್ನಿ ಕಲಸುತ್ತಾ, "ಆ ಪಿಚ್ಚರ್‌ಗಾ? ಡಾಕ್ಟ್ರೇ ಕೊಂದಿರ್ತಾನ ಕಣಪ್ಪ. ಚೆನ್ನಾಗೈತಿ, ನೋಡು" ಅಂದರು.

ನೋಡಿದೆ. ತೆರೆಯ ಮೇಲೆ ಡಾಕ್ಟರು ಸತ್ತವನ ಹೆಂಡತಿಗೆ ಸಮಾಧಾನ ಹೇಳುತ್ತಾ ಕರ್ಚೀಫು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಅಕ್ಕಪಕ್ಕದವರು ಲೊಚಗುಟ್ಟುತ್ತಿದ್ದರೆ ನಾನೊಬ್ಬನೇ ಕಿಸಕ್ಕೆಂದೆ. ಹೆಂಡತಿ ತಿವಿದಳು. "ಅವನೇ" ಅಂದುಬಿಟ್ಟೆ. ಮನೆ ಮುಟ್ಟುವವರೆಗೂ ಅವಳದು ಮೌನವ್ರತ. ನಿಜ ಹೇಳಬೇಕೆಂದರೆ ಆ ಕರ್ಚೀಫು ನನಗೆ ಭಾರಿ ಮಜಾ ಕೊಟ್ಟಿತ್ತು. ಮಾವನ ಮುಂದೆ ಒಪ್ಪಿಕೊಳ್ಳೋರು ಯಾರು?

ಜಗಳಕ್ಕೆ ಹೋದರೆ, "ಓಬವ್ವ ಏನ್ ಮಾಡಿದ್ಲು ಅಂತ ನಿನಗ ಗೊತ್ತಿಲ್ಲೇನು? ಆದ್ರೂ ದುರ್ಗಕ್ಕೆ ಹೋಗ್ತಿಯಲ್ಲ!" ಅಂದರು. ಅಮೆರಿಕದಲ್ಲಿ ಇಬ್ಬರು ಮನಶ್ಶಾಸ್ತ್ರಜ್ಞರು 12 ಸಣ್ಣಕತೆ ಓದಿಸಿ, ಕೊನೆ ಗೊತ್ತಿದ್ದವರೇ ಹೆಚ್ಚು ಮೆಚ್ಚಿದರೆಂದು 2011ರಲ್ಲಿ ಬರೆದದ್ದನ್ನು ಬಾಯ್ತಪ್ಪಿ ಹೇಳಿದೆ. ಮಾವನ ಮೀಸೆ ಕುಣಿಯಿತು. ಆಮೇಲಿನ ಕೆಲವು ಪರೀಕ್ಷೆಗಳಲ್ಲಿ ಉಲ್ಟಾ ಬಂದದ್ದನ್ನು ಅವರು ಕೇಳಿಸಿಕೊಳ್ಳಲಿಲ್ಲ.

ಮುಂದಿನ ಭಾನುವಾರ ಎಲ್ಲರೂ ಚಿತ್ರದುರ್ಗದ ಕೋಟೆಯಲ್ಲಿ. ಗೈಡು ದನಿ ಇಳಿಸಿದ: ಕಾವಲಿನ ಗಂಡ ಊಟಕ್ಕೆ ಕೂತಿದ್ದಾನೆ, ನೀರಿಗೆ ಬಂದ ಓಬವ್ವನಿಗೆ ಕಿಂಡಿಯಿಂದ ಪಿಸುಮಾತು ಕೇಳಿಸಿದೆ, ಹೈದರಾಲಿಯ ಕಡೆಯವನ ತಲೆ ಮೆಲ್ಲಗೆ ಹೊರಗೆ... ಸ್ಕೂಲ್ ಡೇಯಲ್ಲಿ ಓಬವ್ವನೇ ಆಗಿದ್ದ ನನ್ನ ಮಗಳು ಉಸಿರು ಬಿಗಿಹಿಡಿದಿದ್ದಳು. ಮಾವ ಬಾಯಿಗೆ ಹಾಕಬೇಕಿದ್ದ ಮಂಡಕ್ಕಿ ಮುಷ್ಟಿಯಲ್ಲೇ ಉಳಿದಿತ್ತು.

"ಅಪ್ಪಾ, ನೀನು ಸೈನಿಕ" ಅಂದಳು ಮಗಳು. ಬಗ್ಗಿ ಕಿಂಡಿಗೆ ಮೈ ತೂರಿಸಿದೆ. ಭುಜ ಬಂತು, ಹೊಟ್ಟೆ ಬರಲಿಲ್ಲ. ಹೈದರನ ಸೈನಿಕರೂ ನನ್ನಷ್ಟು ಬೆಣ್ಣೆ ದೋಸೆ ತಿಂದಿದ್ದರೆ ಓಬವ್ವನಿಗೆ ಒನಕೆಯೇ ಬೇಕಿರಲಿಲ್ಲ. ಹಿಂದಿನಿಂದ ಮಾವ ದೂಡುತ್ತಿದ್ದರು. ಆಚೆ ಬದಿಯಲ್ಲಿ ಎರಡು ಪುಟ್ಟ ಚಪ್ಪಲಿ, ಮೇಲೆತ್ತಿದ ಕೊಡೆಯ ನೆರಳು.

"ಹುಷಾರಪ್ಪ, ಈಗ ಹೊಡಿತಾಳ!" ಅಂದರು ಮಾವ.

ಅದೂ ಗೊತ್ತಿತ್ತು. ಆದರೂ ತಲೆ ಹೊರಗಿಟ್ಟೆ.