ಜನ ಮರುಳೋ, ಮರಳು ಮರುಳೋ

ಇಟಲಿಯ ಸಾರ್ಡೀನಿಯಾ ದ್ವೀಪಕ್ಕೆ ದೇವರು 1,800 ಕಿಲೋಮೀಟರಿಗೂ ಜಾಸ್ತಿ ಉದ್ದದ ಕರಾವಳಿ ಕೊಟ್ಟ. ಸಾಕುಸಾಕೆನ್ನುವಷ್ಟು ಬಿಸಿಲು ಕೊಟ್ಟ. ಬಿಳಿ ಮರಳು, ಗುಲಾಬಿ ಮರಳು, ಅಕ್ಕಿಕಾಳಿನ ಗಾತ್ರದ ಮರಳು ಅಂತ ಬಗೆಬಗೆಯದನ್ನು ಹರಡಿದ. ಆಮೇಲೆ ಇದನ್ನೆಲ್ಲ ನೋಡೋರು ಬೇಕಲ್ವಾ ಅಂತ ಪ್ರವಾಸಿಗರನ್ನೂ ಕಳಿಸಿದ. ಎಡವಟ್ಟಾಗಿದ್ದು ಅಲ್ಲೇ.

2019ರ ಆಗಸ್ಟ್‌ನಲ್ಲಿ ಪೋರ್ಟೊ ಟೊರೆಸ್ ಬಂದರಿನಲ್ಲಿ ಪೊಲೀಸರು ಒಂದು ಕಾರಿನ ಡಿಕ್ಕಿ ತೆಗೆಸಿದರು. ರಜೆ ಮುಗಿಸಿ ಫ್ರಾನ್ಸಿಗೆ ಹೊರಟಿದ್ದ ದಂಪತಿಯ ಕಾರು. ಒಳಗೆ 14 ಪ್ಲಾಸ್ಟಿಕ್ ಬಾಟಲಿಗಳಿದ್ದವು. ಸಾರಾಯಿಯಾಗಿದ್ದರೆ ಪೊಲೀಸರಿಗೂ ಅರ್ಥವಾಗುತ್ತಿತ್ತು. ಇದ್ದದ್ದು ಕೀಯಾ ಬೀಚಿನ ಬಿಳಿ ಮರಳು, ಸುಮಾರು 40 ಕೆಜಿ. ನೆನಪಿಗೆ ಅಂತ ತುಂಬಿಕೊಂಡೆವು, ತಪ್ಪು ಅಂತ ಗೊತ್ತಿರಲಿಲ್ಲ ಎಂಬುದು ಅವರ ಸಮಜಾಯಿಷಿ. ನಲವತ್ತು ಕೆಜಿ ನೆನಪು! ಮದುವೆ ಆಲ್ಬಮ್ಮೂ ಅಷ್ಟು ತೂಗುವುದಿಲ್ಲ. ಇಂಥ ಕಳ್ಳತನಕ್ಕೆ ಅಲ್ಲಿ ಒಂದರಿಂದ ಆರು ವರ್ಷದವರೆಗೆ ಜೈಲಾಗಬಹುದು. ಆರು ವರ್ಷ ಒಳಗಿದ್ದರೆ ನೆನಪು ತಾನಾಗಿಯೇ ಉಳಿಯುತ್ತದೆ, ಬಾಟಲಿಯ ಖರ್ಚೂ ಇಲ್ಲ.

ಮರಳು, ಬೆಣಚುಕಲ್ಲು, ಚಿಪ್ಪು ಯಾವುದನ್ನೂ ಒಯ್ಯುವಂತಿಲ್ಲ, ಒಯ್ದರೆ 500ರಿಂದ 3,000 ಯೂರೊ ದಂಡ ಅಂತ 2017ರಲ್ಲೇ ಕಾನೂನು ಬಂದಿದೆ. ಪಾಪ, ಕಾನೂನು ಮಾಡುವಾಗ ಬರೆದವರ ಮುಖ ಹೇಗಿತ್ತೋ. 'ಸಮುದ್ರತೀರವನ್ನು ಕದಿಯಬಾರದು' ಅಂತ ಮನುಷ್ಯರಿಗೆ ಬರೆದು ಹೇಳಬೇಕಾಗಿ ಬಂತಲ್ಲ! ಆದರೂ ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಮರಳಿನ ಪೊಟ್ಟಣ ಸಿಗುತ್ತಲೇ ಇರುತ್ತದೆ. ಕೆಲವರು ಇಂಟರ್ನೆಟ್ಟಿನಲ್ಲಿ ಮಾರಾಟಕ್ಕೂ ಇಡುತ್ತಾರೆ. ಇನ್ನು ಕೆಲವರಿಗೆ ಎಷ್ಟೋ ವರ್ಷದ ಮೇಲೆ ಮನಸ್ಸು ಚುಚ್ಚಿ, ಕ್ಷಮಾಪಣೆ ಪತ್ರದ ಜೊತೆ ಮರಳನ್ನು ಅಂಚೆಯಲ್ಲಿ ವಾಪಸ್ ಕಳಿಸುತ್ತಾರೆ. ಪಶ್ಚಾತ್ತಾಪಕ್ಕೂ ಪಾರ್ಸೆಲ್ ಚಾರ್ಜ್ ಬೀಳುತ್ತದೆ ಅಂತಾಯಿತು.

ಈ ಕಳ್ಳರಲ್ಲಿ ಯಾರೂ ಕಳ್ಳರಲ್ಲ ಎಂಬುದೇ ತಮಾಷೆ. ಎಲ್ಲರೂ ನಿಸರ್ಗಪ್ರೇಮಿಗಳು. 'ಒಂದು ಹಿಡಿ ತಾನೇ?' ಅನ್ನುವವರು. ಹಿಂದೆ ಸಾಲಾಗಿ ನಿಂತವರದ್ದೂ ಒಂದೊಂದೇ ಹಿಡಿ.

ಲಾ ಪೆಲೋಸಾ ಬೀಚಿನವರು ಈ ಪ್ರೇಮಕ್ಕೆ ಹೆದರಿ ಲೆಕ್ಕ ಶುರುಮಾಡಿದರು. ಬೇಸಿಗೆಯಲ್ಲಿ ದಿನಕ್ಕೆ 1,500 ಜನ ಮಾತ್ರ. ಮೊದಲೇ ಬುಕ್ ಮಾಡಬೇಕು, 3.50 ಯೂರೊ ಕೊಡಬೇಕು, ಕೈಗೆ ಪಟ್ಟಿ ಕಟ್ಟಿಸಿಕೊಳ್ಳಬೇಕು. ಅಷ್ಟಕ್ಕೇ ಮುಗಿಯಲಿಲ್ಲ. ಟವೆಲನ್ನು ನೇರವಾಗಿ ಮರಳಿನ ಮೇಲೆ ಹಾಸುವಂತಿಲ್ಲ, ಕೆಳಗೆ ಚಾಪೆ ಇರಲೇಬೇಕು. ಒದ್ದೆ ಟವೆಲಿಗೆ ಮರಳು ಮೆತ್ತಿಕೊಂಡು ಹೋಗುತ್ತದೆ ಎಂಬುದು ಕಾರಣ. ಕಾರಣ ಸರಿಯಾಗಿಯೇ ಇದೆ. ಆದರೆ ಸಾವಿರ ಕಿಲೋಮೀಟರು ಹಾರಿ ಬಂದವನ ಚಾಪೆಯನ್ನು ಇನ್‌ಸ್ಪೆಕ್ಷನ್ ಮಾಡುವ ಕೆಲಸ ಯಾರದ್ದೋ ಪಾಲಿಗೆ ಬಂದಿದೆಯಲ್ಲ, ಅವರನ್ನು ನೆನೆದರೆ ಅಯ್ಯೋ ಅನಿಸುತ್ತದೆ. ಮನೆಯಲ್ಲಿ ಮಕ್ಕಳು 'ಅಪ್ಪ ಏನು ಕೆಲಸ ಮಾಡ್ತಾರೆ' ಅಂದರೆ ಏನು ಹೇಳುವುದು?

ಇನ್ನು ಬುದೆಲ್ಲಿ. ಲಾ ಮದ್ದಲೇನಾ ದ್ವೀಪಸಮೂಹದ ಈ ಪುಟ್ಟ ದ್ವೀಪದಲ್ಲಿ ಹೆಸರಾಂತ ಗುಲಾಬಿ ಬೀಚಿದೆ. ಸಮುದ್ರದೊಳಗಿನ ಹುಲ್ಲಿನ ಬುಡದಲ್ಲಿ ಬದುಕುವ ಕೆಂಪು ಸೂಕ್ಷ್ಮಜೀವಿಗಳು ಸತ್ತ ಮೇಲೆ ಅವುಗಳ ಕವಚದ ಚೂರು ದಡಕ್ಕೆ ಬಂದು ಮರಳಿಗೆ ಬಣ್ಣ ಕೊಡುತ್ತದೆ. ಜನ ಅದನ್ನು ಎಷ್ಟು ಇಷ್ಟಪಟ್ಟರೆಂದರೆ 1990ರ ದಶಕದಲ್ಲಿ ಅಲ್ಲಿ ಕಾಲಿಡುವುದನ್ನೇ ನಿಷೇಧಿಸಬೇಕಾಯಿತು. ಇವತ್ತಿಗೂ ದೂರದಿಂದ ನೋಡಬೇಕು, ಅಷ್ಟೇ. ಆದರೆ 'ನೋಡಲೇಬೇಕಾದ ಬೀಚುಗಳು' ಎಂಬ ಪಟ್ಟಿಗಳಿಂದ ಅದರ ಹೆಸರು ಹೋಗಿಲ್ಲ. ಮುಟ್ಟಬೇಡಿ ಅಂದ ಮೇಲೆ ನೋಡುವವರು ಇನ್ನೂ ಜಾಸ್ತಿಯಾಗುತ್ತಾರೆ ಅಂತ ಬೋರ್ಡು ಬರೆದವರಿಗೆ ಗೊತ್ತಿರಲಿಕ್ಕಿಲ್ಲ.

2013ರಲ್ಲಿ ಈ ದ್ವೀಪವನ್ನೇ ನ್ಯೂಜಿಲೆಂಡಿನ ಒಬ್ಬ ಶ್ರೀಮಂತ ಹರಾಜಿನಲ್ಲಿ ಹಿಡಿದಿದ್ದ. ಗಲಾಟೆಯಾಗಿ, ಕೋರ್ಟು ಕಚೇರಿ ಸುತ್ತಿ, ಕೊನೆಗೆ 2016ರಲ್ಲಿ ದ್ವೀಪ ರಾಷ್ಟ್ರೀಯ ಉದ್ಯಾನದ ಕೈಗೆ ಬಂತು. ನೋಡಿ, ಹಿಡಿ ಮರಳು ಒಯ್ದವನಿಗೆ ದಂಡ, ಇಡೀ ದ್ವೀಪ ಬೇಕೆಂದವನಿಗೆ ಹರಾಜು. ಅಲ್ಲೇ ಗುಡಿಸಲಿನಲ್ಲಿದ್ದುಕೊಂಡು 1989ರಿಂದ ಕಾವಲು ಕಾದ ಒಬ್ಬ ಮುದುಕ ಇದ್ದ. ದಡ ಗುಡಿಸುತ್ತಿದ್ದ, ಬಂದವರಿಗೆ ಬುದ್ಧಿ ಹೇಳುತ್ತಿದ್ದ. ಮನೆಯಲ್ಲಿ ಅನುಮತಿ ಇಲ್ಲದೆ ಬದಲಾವಣೆ ಮಾಡಿದ್ದೀಯ ಎಂಬ ತಕರಾರು ಎದ್ದು, 2021ರಲ್ಲಿ ಅವನೇ ಗಂಟು ಕಟ್ಟಿದ. ಬುದೆಲ್ಲಿಯಲ್ಲಿ ಮನುಷ್ಯರಿಂದ ಅಪಾಯ ಇರುವುದಂತೂ ನಿಜ. ಆದರೆ ಹೊರಗೆ ಕಳಿಸಲು ಅಧಿಕಾರಿಗಳು ಆರಿಸಿಕೊಂಡ ಮನುಷ್ಯ ಮಾತ್ರ ಈ ಕಾವಲುಗಾರ.

ಹುಲ್ಲಿನ ಮಾತು ಬಂತಲ್ಲ, ಅದರದ್ದೂ ಒಂದು ಕತೆ. ಪೊಸಿಡೋನಿಯಾ ಎಂಬ ಆ ಹುಲ್ಲಿನ ಒಣ ಎಲೆಗಳು ದಡಕ್ಕೆ ಬಂದು ದಪ್ಪಗೆ ರಾಶಿ ಬೀಳುತ್ತವೆ. ಅಲೆ ಬಂದು ಮರಳನ್ನು ಎಳೆದೊಯ್ಯದಂತೆ ತಡೆಯುವುದೇ ಆ ರಾಶಿ. ಪ್ರವಾಸಿಗರಿಗೆ ಅದು ಕಸ. ಕಂದು ಬಣ್ಣ, ವಾಸನೆ, ಫೋಟೊಗೆ ಚೆಂದ ಕಾಣುವುದಿಲ್ಲ. ಹಾಗಾಗಿ ಮೆಡಿಟರೇನಿಯನ್ ತೀರದ ಎಷ್ಟೋ ಕಡೆ ಯಂತ್ರ ಇಳಿಸಿ ಅದನ್ನು ಬಾಚಿ ತೆಗೆಯುತ್ತಾರೆ. ಜೊತೆಗೆ ಮರಳೂ ಹೋಗುತ್ತದೆ. ಬಾಟಲಿಯಲ್ಲಿ ಹೋದರೆ ಕಳ್ಳತನ, ಟ್ರ್ಯಾಕ್ಟರಿನಲ್ಲಿ ಹೋದರೆ ಸ್ವಚ್ಛತೆ.

ಕಾಲಾ ಗೊಲೊರಿಟ್ಸೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 1962ರಲ್ಲಿ ಗುಡ್ಡ ಕುಸಿದು ಆದ ಬೀಚು ಅದು. ಈಗ ಅಲ್ಲಿಗೂ ಟಿಕೆಟ್ಟು, ಅಲ್ಲೂ ತಲೆ ಎಣಿಕೆ. ಕುಸಿದ ಗುಡ್ಡಕ್ಕೆ ಕ್ಯೂ ನಿಲ್ಲುತ್ತಾರೆ ಅಂತ ಆವತ್ತು ಯಾರಾದರೂ ಹೇಳಿದ್ದರೆ ಊರಿನವರು ನಕ್ಕುಬಿಡುತ್ತಿದ್ದರು. ನನಗೆ ನಂಬಿಕೆ ಇರುವುದು ಅಲ್ಗೇರೊ ಹತ್ತಿರದ ನೆಪ್ಚೂನ್ ಗುಹೆಯ ಮೇಲೆ. ಬೋಟಿನಲ್ಲಿ ಹೋಗದಿದ್ದರೆ ಬಂಡೆಗೆ ಕೊರೆದ 654 ಮೆಟ್ಟಿಲು ಇಳಿಯಬೇಕು. ವಾಪಸ್ ಅಷ್ಟನ್ನೂ ಹತ್ತಬೇಕು. 40 ಕೆಜಿ ನೆನಪು ಹೊತ್ತುಕೊಂಡು ಹತ್ತಲಿ ನೋಡೋಣ. ಯಾವ ಕಾನೂನೂ ಬೇಡ, ಮೊಣಕಾಲೇ ನ್ಯಾಯ ಹೇಳುತ್ತದೆ.

ಕಾಸ್ತೆಲ್‌ಸಾರ್ಡೊ ಹತ್ತಿರ ರಸ್ತೆ ಪಕ್ಕದಲ್ಲೇ ಆನೆಯ ಆಕಾರದ ಒಂದು ಬಂಡೆ ನಿಂತಿದೆ. ಸೊಂಡಿಲು ರಸ್ತೆ ಕಡೆಗೇ ಚಾಚಿದೆ. ಹೊಟ್ಟೆಯೊಳಗೆ ಸಾವಿರಾರು ವರ್ಷ ಹಿಂದಿನವರು ಕೊರೆದ ಸಮಾಧಿಗಳಿವೆ. ಅದು ಯಾರ ಡಿಕ್ಕಿಗೂ ಹಿಡಿಸುವುದಿಲ್ಲ, ಹಾಗಾಗಿ ಇನ್ನೂ ಅಲ್ಲೇ ಇದೆ. ಅಳತೆ ತೆಗೆದುಕೊಂಡು ಹೋದವರು ಇದ್ದರೂ ಇರಬಹುದು.